ಆಕ್ಟೋಪಸ್ ಬಣ್ಣ ಬದಲಿಸುವುದು ನಮ್ಮನ್ನು ರಂಜಿಸಲಿಕ್ಕಲ್ಲ

"ಆಪಾ, ಇದು ಮೀನೋ, ಹಾವೋ, ಏನಿದು?"

ಚಿಕ್ಕಬಾಣಾವರದ ನಮ್ಮ ಶಾಲೆಯಲ್ಲಿ ಪೋಷಕರ ಸಭೆ ಮುಗಿದ ಮೇಲೆ ಒಬ್ಬ ತಾಯಿ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು ಹೀಗೆ ಕೇಳಿದರು. ನೋಡಿದರೆ ಆಕ್ಟೋಪಸ್. ಯಾರದೋ ಮನೆಯ ಗಾಜಿನ ತೊಟ್ಟಿಯಲ್ಲಿ ಕಂದು ಕಲ್ಲಿನಂತೆ ಕುಳಿತಿತ್ತು. ಒಂದು ಕೈ ಬಂದು ಗಾಜನ್ನು ಟಕಟಕನೆ ಬಡಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲು ಹೋಗಿ ಬೆಳ್ಳಗಿನ ಬಟ್ಟೆಯಂತಾಯಿತು. ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂತೆ ಕಪ್ಪು ಬಂತು, ಎಂಟೂ ತೋಳುಗಳು ಛತ್ರಿಯಂತೆ ಅರಳಿದವು. ವಿಡಿಯೋದಲ್ಲಿದ್ದವರು ಗೊಳ್ಳೆಂದು ನಕ್ಕರು. ಆ ತಾಯಿಯೂ ನಕ್ಕರು, ನಾನೂ ನಕ್ಕೆ.

ಅವರ ಮಗ ಒಂಬತ್ತನೇ ತರಗತಿ. ಮನೆಯಲ್ಲಿ ಈಗಾಗಲೇ ಎರಡಡಿಯ ತೊಟ್ಟಿಯಿದೆ, ಅದರಲ್ಲಿ ಗಪ್ಪಿಗಳಿವೆ, ನಾಲ್ಕು ಗೋಲ್ಡ್ ಫಿಶ್‌ಗಳಿವೆ. ಅವನ್ನೆಲ್ಲ ಯಾರಿಗಾದರೂ ಕೊಟ್ಟು ತನಗೊಂದು ಆಕ್ಟೋಪಸ್ ತರಿಸಿಕೊಡಬೇಕು ಎಂಬುದು ಅವನ ಹಟ. ತಂದೆ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರು. ರಾತ್ರಿ ಪಾಳಿ ಮುಗಿಸಿ ಬಂದ ದಣಿವಿನಲ್ಲಿ 'ನೋಡೋಣ' ಎಂದಿದ್ದಾರೆ. ಮಕ್ಕಳ ಲೆಕ್ಕದಲ್ಲಿ ನೋಡೋಣ ಎಂದರೆ ಹೂಂ ಎಂದೇ ಅರ್ಥ. "ನೀವೊಂದು ಮಾತು ಹೇಳಿ ಆಪಾ, ನಿಮ್ಮ ಮಾತಾದರೂ ಕೇಳುತ್ತಾನೆ" ಎಂದರು ತಾಯಿ.

ನಾನು ಆ ದಿನ ಏನೂ ಹೇಳಲಿಲ್ಲ. ಬೇಡ ಎನ್ನುವುದು ಸುಲಭ. ಯಾಕೆ ಬೇಡ, ಅಥವಾ ಯಾಕೆ ಬೇಕು ಎಂದು ಹೇಳಬೇಕಾದರೆ ಆ ಪ್ರಾಣಿಯನ್ನು ಮೊದಲು ತಿಳಿದಿರಬೇಕು. ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಇಂಥ ವಿಡಿಯೋಗಳು ನಿಮ್ಮ ಮಕ್ಕಳ ಕೈಗೂ ಬಂದಿರುತ್ತವೆ.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಕಡೆ. ದಕ್ಕೆಯಿಂದ ಬಂದ ಬೊಂಡಾಸನ್ನು ತಾಯಿ ಬುಟ್ಟಿಗೆ ಸುರಿದಾಗ ಅದರ ಬೆಳ್ಳನೆಯ ಮೈಮೇಲೆ ಕೆಂಪು-ಕಂದು ಚುಕ್ಕೆಗಳು ತಾವಾಗಿಯೇ ಅರಳಿ ಮುದುಡುತ್ತಿದ್ದುದನ್ನು ನೋಡಿದ್ದೇನೆ. ಸತ್ತ ಜೀವಿಯ ಮೈಮೇಲೆ ಚುಕ್ಕೆ ಕುಣಿಯುವುದು ಹೇಗೆಂದು ಆಗ ಯಾರೂ ಹೇಳಿಕೊಡಲಿಲ್ಲ. ಬೊಂಡಾಸ್, ಕಪ್ಪೆ ಬೊಂಡಾಸ್ ಮತ್ತು ಆಕ್ಟೋಪಸ್ ಒಂದೇ ಬಳಗದವು. ಕರಾವಳಿಯ ಶಾಫಿಈ ಮನೆಗಳಲ್ಲಿ ಬೊಂಡಾಸ್ ಸುಕ್ಕ ಎಂದರೆ ಬಾಯಲ್ಲಿ ನೀರೂರುತ್ತದೆ. ಇಲ್ಲಿ ಬೆಂಗಳೂರಿನ ಹನಫೀ ಮನೆಗಳಲ್ಲಿ ಮೀನಲ್ಲದ ಸಮುದ್ರಜೀವಿಯನ್ನು ತಿನ್ನುವುದಿಲ್ಲವಾದ್ದರಿಂದ ಅದರ ಪರಿಚಯ ಕಡಿಮೆ. ಆದರೂ ಈ ಬಳಗದ ಒಂದು ತುಂಡು ನಿಮ್ಮ ಮನೆಯಲ್ಲೇ ಇರಬಹುದು. ಲವ್ ಬರ್ಡ್ಸ್ ಗೂಡಿನ ಸರಳಿಗೆ ಸಿಕ್ಕಿಸುವ ಬಿಳಿ ಬಿಲ್ಲೆ, ನಮ್ಮವರು ಸಮುಂದರ್ ಝಾಗ್ ಎನ್ನುತ್ತಾರಲ್ಲ, ಅದು ಸಮುದ್ರದ ನೊರೆಯಲ್ಲ. ಕಪ್ಪೆ ಬೊಂಡಾಸಿನ ಬೆನ್ನಿನೊಳಗಿನ ಚಿಪ್ಪು. ಆಕ್ಟೋಪಸ್‌ಗೆ ಅಂಥ ಚಿಪ್ಪೂ ಇಲ್ಲ, ಎಲುಬೂ ಇಲ್ಲ. ಮೂರು ಹೃದಯಗಳು, ನೀಲಿ ರಕ್ತ. ಕೊಕ್ಕೊಂದೇ ಅದರ ಮೈಯಲ್ಲಿರುವ ಗಟ್ಟಿ ಭಾಗ ಎನ್ನಬಹುದು. ಇಷ್ಟು ಮೆತ್ತನೆಯ, ಎಲ್ಲರಿಗೂ ತಿನ್ನಲು ಹಿತವಾದ ಜೀವಿ ಸಮುದ್ರದಲ್ಲಿ ಬದುಕುಳಿಯುವುದು ಹೇಗೆ? ಅಲ್ಲಿಂದಲೇ ಬಣ್ಣದ ಕಥೆ ಶುರುವಾಗುತ್ತದೆ.

ಚರ್ಮದೊಳಗಿನ ಬಣ್ಣದ ಚೀಲಗಳು

ಒಗೆದ ಬೆಡ್‌ಶೀಟನ್ನು ಮಡಚುವ ಮೊದಲು ನಾಲ್ವರು ನಾಲ್ಕು ಮೂಲೆ ಹಿಡಿದು ಎಳೆಯುತ್ತೀರಲ್ಲ, ಅದನ್ನು ನೆನಪಿಸಿಕೊಳ್ಳಿ. ಆಕ್ಟೋಪಸ್ ಚರ್ಮದಲ್ಲಿ ಹಳದಿ, ಕೆಂಪು, ಕಂದು-ಕಪ್ಪು ಬಣ್ಣ ತುಂಬಿದ ಲೆಕ್ಕವಿಲ್ಲದಷ್ಟು ಸಣ್ಣ ಚೀಲಗಳಿವೆ. ಪ್ರತಿಯೊಂದು ಚೀಲದ ಸುತ್ತಲೂ ಗಾಡಿಯ ಚಕ್ರದ ಅರೆಕಾಲುಗಳಂತೆ ಸ್ನಾಯುಗಳು ಅಂಟಿಕೊಂಡಿವೆ. ಸ್ನಾಯುಗಳು ಎಳೆದಾಗ ಚೀಲ ಚಪ್ಪಟೆಯಾಗಿ ಹರಡಿ ಬಣ್ಣ ಕಾಣಿಸುತ್ತದೆ. ಬಿಟ್ಟಾಗ ರಬ್ಬರಿನಂತೆ ಮುದುಡಿ ಸೂಜಿಮೊನೆಯಷ್ಟಾಗುತ್ತದೆ, ಬಣ್ಣ ಮಾಯ. ನನ್ನ ಬಾಲ್ಯದ ಬೊಂಡಾಸಿನ ಮೈಮೇಲೆ ಕುಣಿಯುತ್ತಿದ್ದ ಚುಕ್ಕೆಗಳು ಇವೇ. ಜೀವ ಹೋದ ಮೇಲೂ ಸ್ವಲ್ಪ ಹೊತ್ತು ಆ ಸ್ನಾಯುಗಳು ಮಿಡಿಯುತ್ತಿರುತ್ತವೆ.

ಮುಖ್ಯ ಸಂಗತಿಯೆಂದರೆ, ಈ ಸ್ನಾಯುಗಳಿಗೆ ಅಪ್ಪಣೆ ಬರುವುದು ನೇರವಾಗಿ ಮೆದುಳಿನಿಂದ, ನರಗಳ ಮೂಲಕ. ಅದಕ್ಕೇ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಇಡೀ ಮೈ ಬದಲಾಗುತ್ತದೆ. ಗೋಸುಂಬೆಯ ವಿಧಾನ ಬೇರೆ. ಅದರ ಚರ್ಮದ ಜೀವಕೋಶಗಳಲ್ಲಿರುವ ಅತಿಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗಿ ಬಣ್ಣ ಬದಲಾಗುತ್ತದೆ ಎಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಅದಕ್ಕೆ ನಿಮಿಷಗಳು ಬೇಕು.

ಬಣ್ಣದ ಚೀಲಗಳ ಕೆಳಗೆ ಇನ್ನೂ ಎರಡು ಪದರಗಳಿವೆ. ಒಂದು ಕನ್ನಡಿಯಂತೆ ನೀಲಿ-ಹಸಿರು ಹೊಳಪು ಕೊಡುತ್ತದೆ, ಇನ್ನೊಂದು ಬಿದ್ದ ಬೆಳಕನ್ನೆಲ್ಲ ಚದುರಿಸಿ ಬೆಳ್ಳಗೆ ಕಾಣಿಸುತ್ತದೆ. ಇಷ್ಟು ಸಾಲದೆಂಬಂತೆ ಚರ್ಮವನ್ನೇ ಅಲ್ಲಲ್ಲಿ ಉಬ್ಬಿಸಿ ಮುಳ್ಳು, ಗಂಟು, ಪಾಚಿಯ ಎಳೆಗಳಂತೆ ನಿಲ್ಲಿಸಬಲ್ಲದು. ಬಣ್ಣ ಒಂದೇ ಕಲ್ಲಿನಂತಿದ್ದು ಮೈ ನುಣುಪಾಗಿದ್ದರೆ ಮೀನಿನ ಕಣ್ಣಿಗೆ ಮೋಸವಾಗುವುದಿಲ್ಲವಷ್ಟೇ. ಗ್ರೀಕ್ ಪಂಡಿತ ಅರಿಸ್ಟಾಟಲನು ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಆಕ್ಟೋಪಸ್ ಕಲ್ಲಿನ ಬಣ್ಣ ತಾಳುವುದನ್ನು ಬರೆದಿಟ್ಟಿದ್ದಾನೆ.

ಇನ್ನೊಂದು ವಿಚಿತ್ರ ಕೇಳಿ. ಇಷ್ಟೆಲ್ಲ ಬಣ್ಣದಾಟ ಆಡುವ ಆಕ್ಟೋಪಸ್‌ಗೆ ಬಣ್ಣವೇ ಕಾಣದು! ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸಲು ಮೂರು ಬಗೆಯ ಕೋಶಗಳಿದ್ದರೆ ಅದರ ಕಣ್ಣಿನಲ್ಲಿ ಬೆಳಕನ್ನು ಹಿಡಿಯುವ ಕೋಶ ಒಂದೇ ಬಗೆಯದು. ಹಾಗಾದರೆ ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳುವುದು ಹೇಗೆ? ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರು 2015ರಲ್ಲಿ ಆಕ್ಟೋಪಸ್ ಚರ್ಮದ ತುಂಡಿನ ಮೇಲೆ ಬೆಳಕು ಬಿಟ್ಟು ನೋಡಿದರು. ಕಣ್ಣಿನ ಸಂಪರ್ಕ, ಮೆದುಳಿನ ಸಂಪರ್ಕ ಎರಡೂ ಇಲ್ಲದೆ ಚರ್ಮ ತಾನೇ ಬೆಳಕಿಗೆ ಸ್ಪಂದಿಸಿ ಬಣ್ಣದ ಚೀಲಗಳನ್ನು ಅರಳಿಸಿತು. ಚರ್ಮಕ್ಕೂ ಬೆಳಕು ತಿಳಿಯುತ್ತದೆ ಎಂದಾಯಿತು. ಆದರೆ ಒಗಟು ಇದರಿಂದ ಪೂರ್ತಿ ಬಿಡಿಸಿಕೊಂಡಿಲ್ಲ, ವಿದ್ವಾಂಸರ ನಡುವೆ ವಾದ ನಡೆಯುತ್ತಲೇ ಇದೆ.

ಒಂದೊಂದಕ್ಕೆ ಒಂದೊಂದು ವೇಷ

ಹೊರದೇಶಗಳಲ್ಲಿ ಮನೆಯ ತೊಟ್ಟಿಯಲ್ಲಿ ಆಕ್ಟೋಪಸ್ ಸಾಕುವವರಿದ್ದಾರೆ. ಅವರು ಹೆಚ್ಚಾಗಿ ಇಷ್ಟಪಡುವುದು ಕ್ಯಾಲಿಫೋರ್ನಿಯಾದ 'ಎರಡು ಚುಕ್ಕೆ' ಆಕ್ಟೋಪಸನ್ನು. ನಿಜವಾದ ಕಣ್ಣುಗಳ ಕೆಳಗೆ ಎರಡು ಕಪ್ಪು ಚುಕ್ಕೆ, ಅದರೊಳಗೆ ನೀಲಿ ಉಂಗುರ. ದೂರದಿಂದ ನೋಡಿದರೆ ದೊಡ್ಡ ಪ್ರಾಣಿಯ ಕಣ್ಣುಗಳಂತೆ ಕಾಣುತ್ತವೆ. ಆಕ್ಟೋಪಸ್‌ಗಳಲ್ಲೇ ಮೊದಲು ಪೂರ್ಣ ವಂಶವಾಹಿ ಓದಿದ್ದು ಇದರದ್ದು, 2015ರಲ್ಲಿ.

ನಮ್ಮ ಸಮುದ್ರಗಳಲ್ಲೂ ಇರುವ ಒಂದು ಜಾತಿಯೆಂದರೆ ತೆಂಗಿನ ಚಿಪ್ಪಿನ ಆಕ್ಟೋಪಸ್. ಕಂದು ಮೈಮೇಲೆ ಎಲೆಯ ನರಗಳಂತೆ ಕಪ್ಪು ಗೆರೆಗಳು. ಮರಳಿನ ಮೇಲೆ ಬಣ್ಣವೊಂದರಿಂದಲೇ ಅಡಗಲಾಗದು ಎಂದಾಗ ಒಡೆದ ತೆಂಗಿನ ಕರಟವನ್ನು ಹೊತ್ತು ಸಾಗಿಸಿ, ಬೇಕಾದಾಗ ಒಳಗೆ ಕುಳಿತು ಮುಚ್ಚಿಕೊಳ್ಳುವುದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಇಂಡೋನೇಷ್ಯಾದಲ್ಲಿ ಕಂಡು 2009ರಲ್ಲಿ ಪ್ರಕಟಿಸಿದರು. ನಾವು ಬಿಸಾಡಿದ ಕರಟ ಅದಕ್ಕೆ ಮನೆ.

1998ರಲ್ಲಿ ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಬಳಿ ಕಂಡುಬಂದ ಅನುಕರಣೆಯ ಆಕ್ಟೋಪಸ್ ಇನ್ನೂ ಒಂದು ಹೆಜ್ಜೆ ಮುಂದೆ. ಕಪ್ಪು ಬಿಳಿ ಪಟ್ಟೆಯ ಈ ಜೀವಿ ಆರು ತೋಳುಗಳನ್ನು ಬಿಲದೊಳಗೆ ಇಟ್ಟು ಎರಡನ್ನು ಎರಡು ಕಡೆಗೆ ಚಾಚಿದರೆ ವಿಷದ ಕಡಲಹಾವು, ತೋಳುಗಳನ್ನೆಲ್ಲ ಹಿಂದಕ್ಕೆ ಸೇರಿಸಿ ಚಪ್ಪಟೆಯಾಗಿ ಈಜಿದರೆ ನಂಗು ಮೀನಿನಂತೆ. ಇಂಥದ್ದನ್ನು ತೊಟ್ಟಿಗೆ ತರುವವರೂ ಇದ್ದಾರೆ. ಹಾವಿನ ವೇಷ ಹಾಕಿ ಹೆದರಿಸಬೇಕಾದ ಶತ್ರು ಇಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಅದು ಏನು ಮಾಡೀತು ಎಂದು ನನಗೆ ಅನಿಸುತ್ತದೆ.

ನೀಲಿ ಉಂಗುರದ ಆಕ್ಟೋಪಸ್ ಬಗ್ಗೆ ಮಾತ್ರ ತಾಯಂದಿರು ಗಮನವಿಟ್ಟು ಓದಬೇಕು. ನಿಂಬೆಹಣ್ಣಿನಷ್ಟು ಮೈ, ನೋಡಲು ಆಟಿಕೆಯಂತೆ. ಸುಮ್ಮನಿದ್ದಾಗ ಮಾಸಲು ಹಳದಿ. ಕೆಣಕಿದಾಗ ಮೈಮೇಲಿನ ಹತ್ತಾರು ಉಂಗುರಗಳು ಕರೆಂಟು ಬಂದ ಸೀರಿಯಲ್ ಸೆಟ್ಟಿನಂತೆ ನೀಲಿಯಾಗಿ ಮಿನುಗುತ್ತವೆ. ಉಳಿದವು ಅಡಗಲು ಬಣ್ಣ ಬದಲಿಸಿದರೆ ಇದು 'ದೂರ ನಿಲ್ಲು' ಎಂದು ಸಾರಲು ಬದಲಿಸುತ್ತದೆ. ಅದರ ಜೊಲ್ಲಿನಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದೆ. ಕಚ್ಚಿದ್ದು ಗೊತ್ತಾಗದೆಯೂ ಇರಬಹುದು, ಆದರೆ ಉಸಿರಾಟದ ಸ್ನಾಯುಗಳೇ ನಿಂತುಹೋಗಬಹುದು. ಈ ವಿಷಕ್ಕೆ ಪ್ರತಿವಿಷವಿಲ್ಲ. ವಿಷ ಇಳಿಯುವವರೆಗೆ ಕೃತಕ ಉಸಿರಾಟ ಕೊಡುವುದೊಂದೇ ದಾರಿ. ಇಂಟರ್‌ನೆಟ್‌ನಲ್ಲಿ ಇದರ ಚಿತ್ರ ತೋರಿಸಿ 'ಚೆಂದ ಇದೆ' ಎನ್ನುವ ಮಗುವಿಗೆ ಮೊದಲು ಇಷ್ಟನ್ನು ಹೇಳಿ.

ನಿದ್ದೆಯಲ್ಲಿ ಬಣ್ಣ

ಅಲಾಸ್ಕಾದ ಪ್ರಾಧ್ಯಾಪಕ ಡೇವಿಡ್ ಶೀಲ್ ತಮ್ಮ ಮನೆಯ ಹಾಲ್‌ನಲ್ಲೇ ದೊಡ್ಡ ತೊಟ್ಟಿಯಿಟ್ಟು ಹೈಡಿ ಎಂಬ ಹೆಣ್ಣು ಆಕ್ಟೋಪಸನ್ನು ಸಾಕಿದ್ದರು. 2019ರಲ್ಲಿ ಅದರ ಕುರಿತು ಸಾಕ್ಷ್ಯಚಿತ್ರ ಬಂತು. ಅದರಲ್ಲೊಂದು ದೃಶ್ಯವಿದೆ. ಹೈಡಿ ಗಾಜಿಗೆ ಅಂಟಿಕೊಂಡು ನಿದ್ರಿಸುತ್ತಿದೆ. ಮೈ ಬೆಳ್ಳಗಿದೆ. ಇದ್ದಕ್ಕಿದ್ದಂತೆ ಹಳದಿ, ಬಳಿಕ ಕಡುಗಪ್ಪು, ಬಳಿಕ ಚುಕ್ಕೆ ಚುಕ್ಕೆ. ಕನಸಿನಲ್ಲಿ ಏಡಿ ಹಿಡಿಯುತ್ತಿರಬಹುದೇ ಎಂದು ಶೀಲ್ ಊಹಿಸುತ್ತಾರೆ. ಇದು ಊಹೆ ಮಾತ್ರ ಎಂದು ಹಲವರು ತಲೆಯಾಡಿಸಿದರು.

ಆದರೆ 2023ರಲ್ಲಿ ಜಪಾನಿನ ಓಕಿನಾವಾದ ಸಂಶೋಧಕರು ಬೇರೊಂದು ಪುಟ್ಟ ಜಾತಿಯ ನಿದ್ದೆಯನ್ನು ಕ್ಯಾಮೆರಾ ಇಟ್ಟು, ಮೆದುಳಿನ ಮಿಡಿತವನ್ನೂ ಅಳೆದು ನೋಡಿದರು. ಸುಮಾರು ಗಂಟೆಗೊಮ್ಮೆ, ಒಂದು ನಿಮಿಷದ ಮಟ್ಟಿಗೆ ಅದರ ಕಣ್ಣು, ತೋಳುಗಳು ಅದುರಿ ಚರ್ಮ ಬಣ್ಣ ಬದಲಿಸುತ್ತಿತ್ತು. ಆ ಬಣ್ಣಗಳು ಎಚ್ಚರದಲ್ಲಿ ಬೇಟೆಯಾಡುವಾಗ, ಅಡಗುವಾಗ ತೋರುವ ಬಣ್ಣಗಳನ್ನೇ ಹೋಲುತ್ತಿದ್ದವು. ತೊಟ್ಟಿಲಲ್ಲಿ ಮಲಗಿದ ಮಗು ನಗುವುದನ್ನೂ ತುಟಿ ಬಿಕ್ಕುವುದನ್ನೂ ನೀವು ನೋಡಿದ್ದೀರಿ. ಆಕ್ಟೋಪಸ್‌ನ ಬಣ್ಣ ಬರೀ ಮೇಲುಡುಪಲ್ಲ, ಒಳಗೆ ನಡೆಯುವುದು ಹೊರಗೆ ಕಾಣುವ ಬಗೆ ಎಂದು ನನಗೆ ಖಚಿತವಾದದ್ದು ಇದನ್ನು ಓದಿದ ಮೇಲೆ.

ಅದೇ ಶೀಲ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಜರ್ವಿಸ್ ಕೊಲ್ಲಿಯಲ್ಲಿ ಆಕ್ಟೋಪಸ್‌ಗಳ ಜಗಳವನ್ನು ಚಿತ್ರೀಕರಿಸಿ 2016ರಲ್ಲಿ ಬರೆದದ್ದು ಹೀಗೆ: ಮೈ ಕಪ್ಪಾಗಿಸಿ ಎದ್ದು ನಿಂತದ್ದು ಜಗಳಕ್ಕೆ ಬಂದಿದೆ, ಬಿಳಿಚಿಕೊಂಡದ್ದು ಹಿಂದೆ ಸರಿಯುತ್ತದೆ.

ಈಗ ಆ ತಾಯಿಯ ಮೊಬೈಲಿನ ವಿಡಿಯೋಗೆ ಹಿಂದಿರುಗೋಣ. ಗಾಜು ಬಡಿದೊಡನೆ ಮೈ ಬೆಳ್ಳಗಾಗುವುದು, ಕಣ್ಣಿನ ಸುತ್ತ ಕಪ್ಪಾಗುವುದು, ತೋಳುಗಳು ಛತ್ರಿಯಾಗುವುದು. ಶತ್ರು ತೀರಾ ಹತ್ತಿರ ಬಂದಾಗ, ಅಡಗಲು ದಾರಿಯಿಲ್ಲದಾಗ, ತನ್ನನ್ನು ದೊಡ್ಡದಾಗಿ ತೋರಿಸಿ ಹೆದರಿಸುವ ಕೊನೆಯ ಪ್ರಯತ್ನವದು. ಅದು ಕಂಗಾಲಾಗಿ ಹೆದರಿದ್ದಾಗ ನಾವು ನಕ್ಕೆವು.

ಹೆದರಿಕೆಗೂ ಅಡಗುವಿಕೆಗೂ ಬೆಲೆ ತೆರಬೇಕು. ಅಮೆರಿಕದ ವಾಲಾ ವಾಲಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2024ರಲ್ಲಿ ಇದನ್ನು ಅಳೆದರು. ಕೆಂಪು ಆಕ್ಟೋಪಸ್ ಒಂದು ತನ್ನ ಮೈಮೇಲಿನ ಬಣ್ಣದ ಚೀಲಗಳನ್ನೆಲ್ಲ ಅರಳಿಸಿ ಹಿಡಿದರೆ ಅದಕ್ಕೆ ಖರ್ಚಾಗುವ ಆಮ್ಲಜನಕ, ವಿಶ್ರಾಂತಿಯಲ್ಲಿ ಇಡೀ ದೇಹವನ್ನು ನಡೆಸಲು ಬೇಕಾಗುವಷ್ಟೇ ಹತ್ತಿರ. ಅಂದರೆ ಬಣ್ಣ ಬದಲಿಸುವುದು ಓಡಿದಷ್ಟು ದಣಿವಿನ ಕೆಲಸ. ಸಮುದ್ರದಲ್ಲಿ ಅದು ದಿನದ ಬಹುಪಾಲು ಬಿಲದೊಳಗೆ ಕುಳಿತು ಈ ಖರ್ಚು ಉಳಿಸುತ್ತದೆ. ಬೇಟೆಗೆ ಹೊರಬಂದಾಗ ಮಾತ್ರ ಬಣ್ಣದ ಓಟ. ಪಲಾವು ಮತ್ತು ತಾಹಿಟಿ ದ್ವೀಪಗಳ ಹವಳದ ದಿಬ್ಬಗಳಲ್ಲಿ ಹೈಡಿಯ ಜಾತಿಯ ಆಕ್ಟೋಪಸ್‌ಗಳನ್ನು ಹಿಂಬಾಲಿಸಿದ ಸಂಶೋಧಕರು ಬೇಟೆಯ ವೇಳೆ ನಿಮಿಷಕ್ಕೆ ಸರಾಸರಿ ಮೂರು ಸಲ ವೇಷ ಬದಲಾದದ್ದನ್ನು ಎಣಿಸಿ 1999ರಲ್ಲಿ ವರದಿ ಮಾಡಿದ್ದರು. ಹಾಲ್‌ನಲ್ಲಿ ಟ್ಯೂಬ್‌ಲೈಟು ಉರಿಯುತ್ತಾ, ಟಿವಿ ಓಡುತ್ತಾ, ನೆಂಟರ ಮಕ್ಕಳು ಗಾಜು ಬಡಿಯುತ್ತಾ ಇರುವಲ್ಲಿ ಅದಕ್ಕೆ ಬಿಲ ಎಲ್ಲಿದೆ?

ನಮ್ಮ ಊರಿನ ನೀರು

ಇಷ್ಟಾದ ಮೇಲೂ ಸಾಕಲೇಬೇಕೆಂದರೆ ಲೆಕ್ಕ ಹಾಕೋಣ. ಲೆಕ್ಕ ಹಾಕದೆ ಬೇಡವೆಂದರೆ ಮಕ್ಕಳು ಒಪ್ಪುವುದಿಲ್ಲ. ಚಿಕ್ಕಬಾಣಾವರದ ಮನೆಗಳಿಗೆ ಬರುವುದು ಹೆಚ್ಚಾಗಿ ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು. ಬಕೆಟಿನ ತಳದಲ್ಲಿ ಬಿಳಿ ಕಟ್ಟುವುದನ್ನು ಕಂಡಿದ್ದೀರಿ. ಆಕ್ಟೋಪಸ್‌ಗೆ ಆ ನೀರನ್ನು ಆರ್‌ಒ ಮಾಡಿ, ಪ್ರತಿ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಸಮುದ್ರ ಉಪ್ಪು ಬೆರೆಸಬೇಕು. ಅಡುಗೆ ಉಪ್ಪು ಆಗದು. ಒಂದು ಮಧ್ಯಮ ಗಾತ್ರದ ಆಕ್ಟೋಪಸ್‌ಗೆ ಕನಿಷ್ಠ 200 ಲೀಟರ್ ತೊಟ್ಟಿಯೆಂದರೆ ಮೊದಲ ಸಲಕ್ಕೇ 7 ಕಿಲೋ ಉಪ್ಪು. ಅದು ಮಾಂಸಾಹಾರಿ, ನೀರನ್ನು ಬೇಗ ಕೆಡಿಸುತ್ತದೆ. ವಾರಕ್ಕೆ 40 ಲೀಟರ್ ಬದಲಿಸಿದರೂ ಪ್ರತಿ ವಾರ 1 ಕಿಲೋ 400 ಗ್ರಾಂ ಉಪ್ಪು, ಆರ್‌ಒ ಯಂತ್ರ ಚರಂಡಿಗೆ ಬಿಡುವ ನೀರು ಬೇರೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಮನೆಯವರು ಇದನ್ನು ಓದಿ ನಗಬಹುದು.

ತಾಮ್ರ ಅದಕ್ಕೆ ವಿಷ. ಮೀನಿನ ರೋಗಕ್ಕೆ ಹಾಕುವ ಹಲವು ಔಷಧಿಗಳಲ್ಲಿ ತಾಮ್ರವಿರುತ್ತದೆಯಾದ್ದರಿಂದ ಹಳೆಯ ಮೀನುತೊಟ್ಟಿಯನ್ನು ಬಳಸುವುದೂ ಅಪಾಯ. ಎರಡು ಚುಕ್ಕೆಯ ಆಕ್ಟೋಪಸ್ ತಣ್ಣೀರಿನದು, ನಮ್ಮ ಏಪ್ರಿಲ್ ತಿಂಗಳ ಸೆಕೆಗೆ ನೀರು ತಂಪಾಗಿಸುವ ಯಂತ್ರ ಹಗಲು ರಾತ್ರಿ ಓಡಬೇಕು. ಕರೆಂಟು ಹೋದರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಮುಚ್ಚಳ ಭದ್ರವಾಗಿರಬೇಕು. 2016ರಲ್ಲಿ ನ್ಯೂಜಿಲೆಂಡಿನ ರಾಷ್ಟ್ರೀಯ ಅಕ್ವೇರಿಯಂನಿಂದ ಇಂಕಿ ಎಂಬ ಆಕ್ಟೋಪಸ್ ಸಡಿಲ ಮುಚ್ಚಳದಿಂದ ಹೊರಬಂದು, ನೆಲದ ಮೇಲೆ ತೆವಳಿ, ಕೊಳವೆಯ ಮೂಲಕ ಸಮುದ್ರ ಸೇರಿತ್ತು. ಅಲ್ಲಿ ಸಮುದ್ರ ಪಕ್ಕದಲ್ಲಿತ್ತು. ಇಲ್ಲಿ ಹೊರಬಂದರೆ ಸಿಗುವುದು ಅಡುಗೆಮನೆಯ ನೆಲ.

ಇಷ್ಟೆಲ್ಲ ಮಾಡಿದರೂ ಸಾಕುವ ಜಾತಿಗಳ ಆಯುಷ್ಯ ಸುಮಾರು ಒಂದು ವರ್ಷ, ಹೆಚ್ಚೆಂದರೆ ಎರಡು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ತಿನ್ನುವುದನ್ನೇ ಬಿಟ್ಟು ಮೊಟ್ಟೆಗಳಿಗೆ ನೀರೂದುತ್ತಾ ಕಾವಲು ಕಾಯುತ್ತದೆ. ಬಣ್ಣ ಮಂಕಾಗುತ್ತದೆ, ಚರ್ಮದಲ್ಲಿ ಬಿಳಿ ಹುಣ್ಣುಗಳಾಗುತ್ತವೆ, ಕೆಲವು ವಾರಗಳಲ್ಲಿ ಸಾಯುತ್ತದೆ. ಗಂಡಿಗೂ ಮುಪ್ಪು ಹೀಗೆಯೇ ಥಟ್ಟನೆ ಬರುತ್ತದೆ. ಹೊಸಬರು ಇದನ್ನು ರೋಗವೆಂದು ತಿಳಿದು ಔಷಧಿ ಹುಡುಕುತ್ತಾರೆ.

ಪ್ರಾಣಿ ಸಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಬೂ ಉಮೈರ್ ಎಂಬ ಬಾಲಕನ ಪುಟ್ಟ ಹಕ್ಕಿಯ ಕಥೆ, ಬೆಕ್ಕನ್ನು ಕೂಡಿಹಾಕಿ ಉಪವಾಸ ಕೆಡವಿದ ಸ್ತ್ರೀಯ ಕಥೆ, ಎರಡನ್ನೂ ನಮ್ಮ ಮಕ್ಕಳು ಮದ್ರಸದಲ್ಲಿ ಕಲಿಯುತ್ತಾರೆ. ಎರಡನೆಯದರಲ್ಲಿ ತಪ್ಪು ಸಾಕಿದ್ದಲ್ಲ, ಕೂಡಿಹಾಕಿ ಅದರ ಪಾಡಿಗೆ ಬಿಟ್ಟದ್ದು. ಬೆಕ್ಕು ಹಸಿದರೆ ಮಿಯಾಂವ್ ಎನ್ನುತ್ತದೆ. ಆಕ್ಟೋಪಸ್‌ಗೆ ದನಿಯಿಲ್ಲ, ಚರ್ಮವೇ ಅದರ ದನಿ. ಆ ದನಿಯನ್ನು ಓದಲು ಬಾರದ ಮನೆಯಲ್ಲಿ ಅದರ ಪಾಡೇನು? ಬ್ರಿಟನ್ ದೇಶವು 2022ರಲ್ಲಿ, ನೋವು-ನಲಿವು ಅರಿಯುವ ಜೀವಿಗಳೆಂದು ಕಾನೂನಿನಲ್ಲಿ ಒಪ್ಪಿಕೊಂಡ ಪಟ್ಟಿಗೆ ಆಕ್ಟೋಪಸ್ ಬಳಗವನ್ನೂ ಸೇರಿಸಿದೆ.

ಹುಡುಗನನ್ನು ಕೂರಿಸಿಕೊಂಡು ಈ ಲೆಕ್ಕವನ್ನೆಲ್ಲ ಬರೆಸಿದೆ. 1 ಕಿಲೋ 400 ಗ್ರಾಂ ಉಪ್ಪಿಗಿಂತ ಅವನನ್ನು ತಟ್ಟಿದ್ದು ವಿಡಿಯೋದ ಬಿಳಿ ಬಣ್ಣದ ಅರ್ಥ. ಎರಡು ದಿನ ಮಾತಾಡಲಿಲ್ಲ. ಆಮೇಲೆ ಬಂದು, "ಆಪಾ, ಬಣ್ಣ ಬದಲಿಸುವ ಬೇರೆ ಪ್ರಾಣಿ ಇಲ್ಲಿ ಯಾವುದೂ ಇಲ್ವಾ?" ಎಂದ.

ಇದೆ. ನಮ್ಮಲ್ಲಿ ಖಾಲಿ ಸೈಟುಗಳ ಸುತ್ತ ನಿಲ್ಲಿಸಿದ ಕಲ್ಲುಚಪ್ಪಡಿಗಳ ಮೇಲೆ ಬಿಸಿಲು ಕಾಯಿಸುವ ಬಂಡೆ ಓತಿಯನ್ನು ಅವನು ಹುಟ್ಟಿದಂದಿನಿಂದ ನೋಡಿದ್ದಾನೆ, ಕಲ್ಲೂ ಹೊಡೆದಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಧಾ ಬಾತಾಬ್ಯಾಲ್ ಮತ್ತು ಮರಿಯಾ ಥಾಕರ್ ಇದೇ ಓತಿಯ ಬಗ್ಗೆ 2017ರಲ್ಲಿ ಅಧ್ಯಯನ ಪ್ರಕಟಿಸಿದ್ದಾರೆ. ಗಂಡು ಓತಿ ಇನ್ನೊಂದು ಗಂಡನ್ನು ಕಂಡರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆಯಾಗುತ್ತದೆ. ಹೆಣ್ಣನ್ನು ಕಂಡರೆ ಬೆನ್ನು ಕೆಂಪು, ಪಕ್ಕೆ ಕಪ್ಪು. ಆಕ್ಟೋಪಸ್‌ನಷ್ಟು ವೇಗವಿಲ್ಲ, ಆದರೆ ಬಣ್ಣವೇ ಮಾತು ಎಂಬುದು ಅಲ್ಲೂ ಇದೆ. ತೊಟ್ಟಿ ಬೇಡ, ಉಪ್ಪು ಬೇಡ. ಹತ್ತು ಹೆಜ್ಜೆ ದೂರ ಕುಳಿತು ಅಲುಗಾಡದೆ ನೋಡಿದರೆ ಸಾಕು.

ಬೇಸಿಗೆ ರಜೆಯಲ್ಲಿ ಅವನ ತಾಯಿ ಒಂದು ಹಳೆಯ ನೋಟ್‌ಬುಕ್ ತಂದು ತೋರಿಸಿದರು. ಮೊದಲ ಪುಟದಲ್ಲಿ ಅವನ ಅಕ್ಷರ: "ಬೆಳಿಗ್ಗೆ 10.40. ಬೆನ್ನು ಪೂರ್ತಿ ಕೆಂಪು. ಪಕ್ಕ ಕಪ್ಪು. ಹತ್ತಿರದಲ್ಲಿ ಹೆಣ್ಣು ಇರಬೇಕು, ನನಗೆ ಕಾಣಲಿಲ್ಲ. ನಾಳೆ ಇನ್ನೂ ಬೇಗ ಬರಬೇಕು."